ಮಾವನ ಬೆಳಗಿನ ಗ್ರೀಸು

ಗಿರಣಿಯಜ್ಜ ಸೋತುಹೋಗಿದ್ದ. ಹಿಟ್ಟಿನ ಧೂಳು ಕುಡಿದು ಕುಡಿದು ಎದೆ ಗೊರಗೊರ ಎನ್ನುತ್ತಿತ್ತು. ಮಂಡಿಗಳು ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ಕಾಲು ಚಾಚಿ ಮಲಗಬೇಕೆಂಬುದೊಂದೇ ಆಸೆ. ಆದರೆ ಗಿರಣಿಯನ್ನು ಅಳಿಯನ ಕೈಗೆ ಬಿಡಲು ಜೀವ ಒಪ್ಪದು. ಅದಕ್ಕೇ ಒಂದು ಷರತ್ತು ಹಾಕಿದ್ದ.

"ಹೊಸ ಬೇರಿಂಗ್ ಹಾಕಿದ್ದೀವಿ ಅಳಿಯಂದ್ರೇ. ಚೆನ್ನಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ ಬರುತ್ತೆ. ಇದೊಂದು ವರ್ಷ ಬಾಳಿಸಿ ತೋರ್ಸಿ, ಆಮೇಲೆ ನಾನು ಮನೇಲಿರ್ತೀನಿ."

ಅಳಿಯ ತಲೆಯಾಡಿಸಿದ. ಅವನು ಮಾವನಿಗೆ ಎದುರಾಡಿದ್ದನ್ನು ಕಂಡವರಿಲ್ಲ. ಸಂಜೆ ಗ್ರೀಸ್ ಗನ್ ಹಿಡಿದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದ್ದ. ಅಜ್ಜನಿಗೆ ನಂಬಿಕೆ ಬರಬೇಕಲ್ಲ! ಬೆಳಿಗ್ಗೆ ಬಾಗಿಲು ತೆರೆದವನೇ, ಯಾರೂ ಬರುವ ಮೊದಲು ತಾನೂ ಒಂದಿಷ್ಟು ಗ್ರೀಸು ಒತ್ತಿಬಿಡುತ್ತಿದ್ದ. ದಿನಾಲೂ.

ಬೇಸಿಗೆ ಮುಗಿಯುವ ಮೊದಲೇ ಬೇರಿಂಗ್ ಗುರುಗುಟ್ಟತೊಡಗಿತು. ಮುಟ್ಟಿದರೆ ಕೈ ಸುಡುತ್ತಿತ್ತು. ಇನ್ನೂ ಓಡಿಸಿದರೆ ಶಾಫ್ಟನ್ನೂ ತಿಂದುಹಾಕುತ್ತದೆಂದು ಅಳಿಯ ಬೆಲ್ಟ್ ಇಳಿಸಿ ಮುಚ್ಚಳ ಬಿಚ್ಚಿದ. ಗ್ರೀಸು ಹಾಕದೆ ಒಣಗಿಸಿ ಕೊಂದನೆಂದು ಬೈಯಲು ಅಜ್ಜ ಬಾಯಿ ತೆರೆದಿದ್ದ, ಹಾಗೇ ಮುಚ್ಚಿಕೊಂಡ. ಒಳಗೆ ಗ್ರೀಸು ಗಿಡಿದು ತುಂಬಿಹೋಗಿತ್ತು. ಗುಂಡುಗಳು ಉರುಳಲು ಜಾಗವಿಲ್ಲದೆ ಕಾದು, ಧೂಳು ತಡೆಯುವ ಸೀಲು ಹೊರಗೆ ಹಾರಿ, ಆ ಸಂದಿಯಲ್ಲಿ ಹಿಟ್ಟು ನುಗ್ಗಿ ಎಲ್ಲ ಕರ್ರಗೆ ಗಟ್ಟಿಯಾಗಿತ್ತು. ಅತಿಯಾದರೆ ಅಮೃತವೂ ವಿಷ ಎನ್ನುವುದು ಗೊತ್ತಿಲ್ಲದವನೇನಲ್ಲ ಅಜ್ಜ.

ಸುಮ್ಮನಿದ್ದರೆ ತಪ್ಪು ಅಳಿಯನ ತಲೆಗೆ, ಷರತ್ತಿನಂತೆ ತಾನು ಮತ್ತೆ ಗಿರಣಿಗೆ. ನೆನೆದೇ ಸುಸ್ತಾಯಿತು.

"ಬೆಳಿಗ್ಗೆ ಹೊತ್ತು ನಾನೂ ಹಾಕ್ತಿದ್ದೆ," ಎಂದ. "ಇಬ್ರೂ ಸೇರಿ ಕೊಂದ್ವಿ ಅನ್ಸುತ್ತೆ."

"ಗೊತ್ತಿತ್ತು ಮಾವ." ಅಳಿಯ ತಲೆ ಎತ್ತಲಿಲ್ಲ. "ಬೇಡ ಅಂದ್ರೆ ನೊಂದ್ಕೋತೀರಾ ಅಂತ ನಾನು ಹಾಕೋದನ್ನೇ ನಿಲ್ಲಿಸ್ಬಿಟ್ಟಿದ್ದೆ. ತಿಂಗಳುಗಳೇ ಆಯ್ತು."

ಅಂದರೆ ಇದು ಪೂರ್ತಿ ತನ್ನೊಬ್ಬನ ಕೈಕೆಲಸ. ಅಜ್ಜ ಖಾಲಿ ಚೀಲದ ಮೇಲೆ ಕುಸಿದು ಕುಳಿತ. ಎಂಥ ಮರ್ಯಾದಸ್ಥ ಅಳಿಯನಪ್ಪಾ ಎಂದು ನಗಬೇಕೆನ್ನಿಸಿತು, ನಗು ಬರಲಿಲ್ಲ.

ಅಳಿಯ ಹೊಸ ಬೇರಿಂಗ್ ಕೂರಿಸಿ, ಅರ್ಧ ಜಾಗ ಖಾಲಿ ಬಿಟ್ಟು ಗ್ರೀಸು ಹಚ್ಚಿ, ಮುಚ್ಚಳ ಬಿಗಿದ. ಗಿರಣಿ ಮೆತ್ತಗೆ ಓಡಿತು.

"ನಾಳೆ ಬೆಳಿಗ್ಗೆ ಬಂದು ಒಂದ್ಸಲ ಮುಟ್ಟಿ ನೋಡ್ಲಾ?" ಅಜ್ಜ ಕೇಳಿದ. "ಗ್ರೀಸ್ ಹಾಕಲ್ಲ. ಬಿಸಿ ಇದ್ಯಾ ಅಂತ ಅಷ್ಟೇ."

ಅಳಿಯ ಕೈ ಒರೆಸಿಕೊಂಡು ಗ್ರೀಸ್ ಗನ್ ಎತ್ತಿಟ್ಟ.

"ಬೇಡ ಮಾವ," ಎಂದ.