ಅಣ್ಣನ ಆಕಳಿಕೆಗಳು

ಒಂದು ಬೆಳಗ್ಗೆ ದಿನೇಶಣ್ಣ ಹಲ್ಲುಜ್ಜಿ ಬರುವಷ್ಟರಲ್ಲಿ ಹನ್ನೊಂದು ಸಲ ಆಕಳಿಸಿದ. ತಮಾಷೆಗೆಂದು ಡೈರಿಯಲ್ಲಿ ಬರೆದಿಟ್ಟೆ. ಮೂಗು ಸೋರುತ್ತಿತ್ತು. ಎಸಿ ಕೆಳಗೆ ಕೂತರೂ ಅಂಗಿ ಒದ್ದೆ.

"ಎಂತ ಅಣ್ಣ, ಜ್ವರವಾ?"

"ಎಂತ ಇಲ್ಲ ಮಾರಾಯ. ನೀನು ಆ ಪುಸ್ತಕ ಮುಚ್ಚು."

ಗಲ್ಫಿನ ಅಲ್ ವಕ್ರಾದ ಒಂದೇ ಕೋಣೆಯಲ್ಲಿ ನಾವಿಬ್ಬರಿದ್ದೆವು. ಅವನು ಎಸಿ ರಿಪೇರಿಯವನು. ಏಣಿಯಿಂದ ಬಿದ್ದು ಬೆನ್ನು ನೋಯಿಸಿಕೊಂಡಿದ್ದ. ಡಾಕ್ಟರು ಬರೆದುಕೊಟ್ಟ ಪೇನ್‌ಕಿಲ್ಲರ್ ಮುಗಿದ ಮೇಲೂ ಯಾರಿಂದಲೋ ಕೊಂಡು ನುಂಗುತ್ತಿದ್ದಾನೆ, ಸಿಗದ ದಿನ ಹೀಗೆ ಆಕಳಿಸುತ್ತಾನೆ ಎಂದು ನನಗೆ ತಿಳಿದದ್ದು ಐದು ದಿನಗಳ ನಂತರ, ಪೊಲೀಸರು ಅವನ ಟೂಲ್‌ಬಾಕ್ಸ್ ತೆರೆದಾಗ.

ಡಾಕ್ಟರ ಚೀಟಿಯಿಲ್ಲದ ಮೂವತ್ತೆರಡು ಮಾತ್ರೆ.

ಜೈಲು, ಆಮೇಲೆ ಊರಿಗೆ ವಾಪಸ್ ಎಂದು ಎಲ್ಲರೂ ಹೇಳಿದರು. ಆದರೆ ಅವನನ್ನು ಪರೀಕ್ಷಿಸಿದ ಡಾಕ್ಟರು ಕೋರ್ಟಿಗೆ ಬೇರೆಯೇ ಬರೆದರು: ಇದು ಅಡಿಕ್ಷನ್, ಟ್ರೀಟ್‌ಮೆಂಟ್ ಬೇಕು. ಇಪ್ಪತ್ತಾರು ದಿನ ಪೊಲೀಸ್ ಕಾವಲಿನಲ್ಲೇ ಆಸ್ಪತ್ರೆಯ ವಾರ್ಡಿನಲ್ಲಿದ್ದ. ನೋಡಲು ಹೋದಾಗಲೆಲ್ಲ ಡೈರಿಯಲ್ಲಿ ಬರೆದೆ: ವಾಂತಿ, ಕಾಲುಸೆಳೆತ, ಬೈಗುಳ. ಒಂಬತ್ತನೆಯ ದಿನ ಮೊದಲ ಸಲ ಗಂಜಿ ಕೇಳಿದ.

ಹತ್ತಿರದ ಸಂಬಂಧಿಯೊಬ್ಬರು ಪ್ರತಿ ವಾರ ಯೂರಿನ್ ಟೆಸ್ಟಿಗೆ ಕರೆತರುವ ಹೊಣೆ ಹೊತ್ತರೆ, ಜೈಲಿನ ಬದಲು ಹೊರಗೇ ಚಿಕಿತ್ಸೆ ಮುಂದುವರಿಸಬಹುದು ಎಂದರು ಕೋರ್ಟಿನವರು. ಫಾರಂ ತುಂಬಿದೆ. ಸಂಬಂಧ: ಬ್ರದರ್.

ವಿಚಾರಣೆಯ ದಿನ ಗುಮಾಸ್ತರು ನಮ್ಮ ಪಾಸ್‌ಪೋರ್ಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ನ್ಯಾಯಾಧೀಶರಿಗೆ ಏನೋ ಹೇಳಿದರು. ಕಾಸರಗೋಡಿನ ದುಭಾಷಿ ನನ್ನತ್ತ ತಿರುಗಿದರು.

"ತಂದೆ ಹೆಸರು ಬೇರೆ, ತಾಯಿ ಹೆಸರೂ ಬೇರೆ. ಮತ್ತೆ ಅಣ್ಣ ಹೇಗೆ? ಸುಳ್ಳು ಬರ್ದದ್ದಾ ಅಂತ ಕೇಳ್ತಾ ಇದ್ದಾರೆ."

"ದೊಡ್ಡಮ್ಮನ ಮಗ. ಅಣ್ಣನೇ ಅಲ್ವಾ ಸಾರ್?"

ಹುಟ್ಟಿದಂದಿನಿಂದ ಅಣ್ಣ ಎಂದೇ ಕರೆದವನನ್ನು ಕಸಿನ್ ಎಂದು ಬರೆಯಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವನ ಜ್ವರ, ವಾಂತಿ, ನಿದ್ದೆಯ ಗಂಟೆ ಎಲ್ಲವನ್ನೂ ತಪ್ಪಿಲ್ಲದೆ ಬರೆದಿಟ್ಟ ನಾನು ಒಂದೇ ಪದದಿಂದ ಅವನನ್ನು ಜೈಲಿಗೆ ಕಳಿಸುತ್ತಿದ್ದೇನೆ ಅನ್ನಿಸಿತು. ದುಭಾಷಿ ಅರಬಿಯಲ್ಲಿ ವಿವರಿಸಿದರು. ನ್ಯಾಯಾಧೀಶರು ಕನ್ನಡಕ ತೆಗೆದು ಒಂದು ಮಾತು ಹೇಳಿದರು. ನನಗೆ ಕೇಳಿಸಿದ್ದು, ಖಲಾಸ್.

ಮುಗಿಯಿತು.

ಕಟಕಟೆಯಲ್ಲಿದ್ದ ಅಣ್ಣ ತಲೆ ತಗ್ಗಿಸಿದ. ಅವನಿಗೂ ಹಾಗೇ ಕೇಳಿಸಿತ್ತು.

"ಖಲಾಸ್ ಅಲ್ಲ ಮಾರಾಯ್ರೆ, ಖಾಲಾ!" ದುಭಾಷಿಗೆ ನಗು ತಡೆಯಲಾಗಲಿಲ್ಲ. "ಅಂದ್ರೆ ಅಮ್ಮನ ಅಕ್ಕ-ತಂಗಿ. ಖಾಲಾನ ಮಗ ಇವರಿಗೂ ಹತ್ತಿರದವನೇ. ಫಾರಂ ಸರಿ ಮಾಡಿ ಸೈನ್ ಹಾಕಿ."

ನನ್ನ ಸಹಿ ಗೆರೆ ದಾಟಿ ಹೋಗಿತ್ತು.

ಆಮೇಲೆ ಹನ್ನೆರಡು ವಾರ, ಹನ್ನೆರಡು ಟೆಸ್ಟ್. ಏಳನೆಯ ವಾರ ಬೆನ್ನು ಹಿಡಿದು, "ಇದಕ್ಕಿಂತ ಜೈಲೇ ವಾಸಿ. ನಾನು ಬರುದಿಲ್ಲ" ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದ. ಅವನ ಚಪ್ಪಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತೆ. ನಲವತ್ತು ನಿಮಿಷ. ಎದ್ದು ಬಂದ. ಹನ್ನೆರಡೂ ಕ್ಲಿಯರ್. ಕೇಸ್ ಮುಚ್ಚಿತು.

"ನೋವು ಬರುತ್ತೆ, ಆಸೆಯೂ ಬರುತ್ತೆ," ಎಂದರು ಡಾಕ್ಟರು ಕೊನೆಯ ದಿನ ಅಣ್ಣನಿಗೆ, ನನ್ನತ್ತ ಕೈ ತೋರಿಸಿ. "ಬಂದಾಗ ಇವನಿಂದ ಮುಚ್ಚಿಡಬೇಡ."

ನಿನ್ನೆ ಶುಕ್ರವಾರ. ಮಧ್ಯಾಹ್ನ ಊಟವಾದ ಮೇಲೆ ಅಣ್ಣ ದೊಡ್ಡದಾಗಿ ಆಕಳಿಸಿದ. ನನ್ನ ಕೈ ತಾನಾಗಿ ಡೈರಿಗೆ ಹೋಯಿತು.

"ಬರಿ, ಬರಿ," ಎಂದ. "ಒಂದು. ಬಿರಿಯಾನಿಯದ್ದು."

ಬರೆದೆ. ಪೆನ್ನು ಹಿಡಿದು ಕಾದೆ. ಎರಡನೆಯದು ಬರಲಿಲ್ಲ. ನೋಡಿದರೆ, ನಿದ್ದೆ ಹೋಗಿದ್ದ.