ಹೊಳೆಯುವ ಮುಳ್ಳುಗಳು

ಯಲಹಂಕದಲ್ಲಿ ಹಿತ್ತಾಳೆ ದೀಪಗಳಿಗೆ ಪಾಲಿಶ್ ಮಾಡುತ್ತಿದ್ದ ಸಾಬರು ಯಾವ ಕೆಲಸವನ್ನೂ ಮುಗಿಯಿತು ಎಂದವರಲ್ಲ. ತಿಕ್ಕಿದ ಜಾಗಕ್ಕೆ ಉಸಿರು ಬಿಟ್ಟು, ಲುಂಗಿಯ ಅಂಚಿನಿಂದ ಒರೆಸಿ, "ಇನ್ನೊಂದ್ ಕೈ ಆಗ್ಲಿ" ಎನ್ನುವರು.

ಆ ಹೊಳಪಿಗೆ ಮರುಳಾಗಿಯೇ ನಾನು, ಆಗಷ್ಟೇ ಶುರುವಾಗಿದ್ದ ನಮ್ಮ ಗಡಿಯಾರ ಕಾರ್ಖಾನೆಗೆ, ಅಂಕಿಗಳಿಲ್ಲದ ಕನ್ನಡಿಯಂಥ ಡಯಲಿನ ಕೈಗಡಿಯಾರದ ನಕ್ಷೆ ಬರೆದೆ. ಮಾದರಿಯ ಡಯಲು, ಮುಳ್ಳು ಎರಡನ್ನೂ ಸಾಬರೇ ತಿಕ್ಕಿದರು. ಮರುದಿನ ಬೆಳಿಗ್ಗೆ ಅದನ್ನು ಮೇಲಧಿಕಾರಿಗಳಿಗೆ ತೋರಿಸಬೇಕಿತ್ತು. ಅವರ ಅಂಗಡಿಯಲ್ಲೇ ಜೋಡಿಸಿ, ಬಾಗಿಲ ಬೆಳಕಿಗೆ ಹಿಡಿದೆ. ನನ್ನ ಮುಖ ಕಂಡಿತು, ಗಂಟೆ ಎಷ್ಟೆಂದು ಕಾಣಲಿಲ್ಲ. ಹೊಳೆಯುವ ಡಯಲಿನಲ್ಲಿ ಹೊಳೆಯುವ ಮುಳ್ಳುಗಳು ಕರಗಿಹೋಗಿದ್ದವು.

"ಸಾಬ್ರೇ, ಮುಳ್ಳಿಗೆ ಕಪ್ಪು ಬಣ್ಣ ಹಚ್ಬೇಕು. ಬೇರೆ ದಾರಿ ಇಲ್ಲ."

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. "ನನ್ ಕೈಲಾಗಲ್ಲ ಸಾಮಿ. ನೀವೇ ಹಚ್ಚಿ," ಎಂದು ಗೋಡೆಯ ಕಡೆ ತಿರುಗಿ ಕೂತರು.

ನಾನೇ ಕುಂಚ ಹಿಡಿದೆ. ಒಂದು ಹನಿ ಜಾರಿದರೂ ಡಯಲು ಹಾಳು.

"ಆಯ್ತಾ ಸಾಮಿ?" ಅವರು ಗೋಡೆ ನೋಡುತ್ತಲೇ ಕೇಳಿದರು.

ಕಪ್ಪಿನಡಿಯಿಂದ ಅವರ ಹೊಳಪು ಇನ್ನೂ ಇಣುಕುತ್ತಿತ್ತು.

"ಇನ್ನೊಂದ್ ಕೈ," ಎಂದೆ.