ಯೂದನ ತಾಯಿಗೆ ಒಯ್ದ ರೊಟ್ಟಿ

ದೊಡ್ಡವ್ವನ ಬಲಗೈ ಎಡಗೈಗಿಂತ ದಪ್ಪಗಿತ್ತು. ಜೀವಮಾನವೆಲ್ಲ ಜೋಳದ ರೊಟ್ಟಿ ಬಡಿದ ಕೈ. ಕಥೆ ಹೇಳುವಾಗಲೂ ಸುಮ್ಮನಿರದೆ, ತೊಡೆಯ ಮೇಲೆ ಕಾಣದ ರೊಟ್ಟಿಯೊಂದನ್ನು ತಟ್ಟುತ್ತಲೇ ಇರುತ್ತಿತ್ತು.

ಅವಳು ನನ್ನ ಅವ್ವನ ಅಕ್ಕ. ಗಂಡ ತೀರಿಕೊಂಡ ಮೇಲೆ ಯಶವಂತನಗರದ ನಮ್ಮ ಮನೆಗೆ ಬಂದವಳು ಅಲ್ಲೇ ಉಳಿದಳು. ಓದು ಬಾರದು, ಬಾಯಿ ಮಾತ್ರ ಜೋರು, ಕಡ್ಡಿಪುಡಿಯ ಚಟ ಬೇರೆ. ಶುಭ ಶುಕ್ರವಾರದ ಆರಾಧನೆ ಮುಗಿದರೆ ನಮ್ಮ ಪುಟ್ಟ ಸಭೆಯ ಹೆಂಗಸರು ಅವಳ ಸುತ್ತ ಕೂರುತ್ತಿದ್ದರು. ತನ್ನ ಅತ್ತೆಯಿಂದ ಕೇಳಿದ ಕಥೆಯನ್ನು ಅವಳು ಪ್ರತಿ ವರ್ಷ ಹೇಳುತ್ತಿದ್ದಳು.

"ಯೇಸುಸ್ವಾಮಿನ್ನ ಸಮಾಧ್ಯಾಗ ಇಟ್ಟು ಬಂದ್ರು. ಸ್ವಾಮಿ ತಾಯಿ ಮರಿಯವ್ವನ ಮನ್ಯಾಗ ಒಲಿ ಹಚ್ಚಿಲ್ಲ. ಓಣಿ ಹೆಣ್ಮಕ್ಕಳು ರೊಟ್ಟಿ ತಂದಾರ, ಆಕಿ ಮುಟ್ಟವಲ್ಲಳು. 'ಯೂದನ ಮನಿಗೆ ಯಾರರ ಒಯ್ದೀರೇನು? ಅವನವ್ವನೂ ಮಗನ್ನ ಕಳಕೊಂಡಾಳಲ್ಲ' ಅಂದ್ಲು. ಎಲ್ಲಾರೂ ತಲಿ ಬಗ್ಗಿಸಿದ್ರು. ಮರಿಯವ್ವ ಎದ್ದು, ಅದೇ ರೊಟ್ಟಿ ಕಟ್ಗೊಂಡು ತಾನ ಹೋದ್ಲು."

ಯೇಸುವನ್ನು ಹಿಡಿದುಕೊಟ್ಟು, ಆಮೇಲೆ ನೇಣು ಹಾಕಿಕೊಂಡ ಶಿಷ್ಯ ಯೂದ. ಅವನ ತಾಯಿಯ ಸುದ್ದಿ ಸತ್ಯವೇದದಲ್ಲಿ ಇಲ್ಲ. ದೊಡ್ಡವ್ವನ ಕಥೆಯಲ್ಲಿ ಮಾತ್ರ ಅವಳಿಗೆ ರೊಟ್ಟಿ, ಕೆಲವು ವರ್ಷ ಜೊತೆಗೆ ಗುರೆಳ್ಳು ಚಟ್ನಿಯೂ ಸಿಗುತ್ತಿತ್ತು. ಯೆರೂಸಲೇಮಿನಲ್ಲಿ ಗುರೆಳ್ಳು ಚಟ್ನಿ ಎಂದು ನಾನು ಮುಸಿಮುಸಿ ನಗುತ್ತಿದ್ದೆ.

ನಮ್ಮ ಸಾಲುಮನೆಗಳಲ್ಲಿ ಆಗ ಯಾರು ಹೇಗೆ ಸತ್ತರೂ ಆ ಮನೆಗೆ ರೊಟ್ಟಿ ಹೋಗುತ್ತಿತ್ತು. ಕುಡಿದು ಸತ್ತವನ ಮನೆಗೂ, ಹೊಡೆದಾಟದಲ್ಲಿ ಸತ್ತವನ ಮನೆಗೂ. ಅದು ಈ ಕಥೆಯಿಂದಲೇ ನಡೆದುಬಂದಿದೆ ಎಂದು ನನಗೆ ಹೊಳೆದಿರಲಿಲ್ಲ.

ನಾನು ಬಳ್ಳಾರಿಯಲ್ಲಿ ಸತ್ಯವೇದ ಕಲಿತು ಬಂದು ಸಂಡೇ ಸ್ಕೂಲು ನಡೆಸುತ್ತಿದ್ದೆ. ಕಂಡವರನ್ನೆಲ್ಲ ತಿದ್ದುವ ಹುಮ್ಮಸ್ಸು. ಒಂದು ಶುಭ ಶುಕ್ರವಾರ ಎಲ್ಲರೆದುರೇ ಕೇಳಿದೆ: "ದೊಡ್ಡವ್ವ, ಇದು ಎಲ್ಲಿ ಬರದೈತಿ ತೋರ್ಸು. ದೇವರ ವಾಕ್ಯಕ್ಕ ನಮ್ಮದು ಕೂಡಿಸಬಾರ್ದು." ಸಭಾಪಾಲಕರೂ ತಲೆಯಾಡಿಸಿದರು.

ತೊಡೆಯ ಮೇಲಿನ ಕೈ ನಿಂತಿತು. "ಬರದವ್ರು ಆಕಿ ಮನಿಗೆ ಹೋಗಿರ್ಲಿಕ್ಕಿಲ್ಲ ಬಿಡವಾ" ಅಂದಳು. ಮತ್ತೆಂದೂ ಆ ಕಥೆ ಹೇಳಲಿಲ್ಲ.

ಅಂದು ನಾನು ಹೇಳಿದ್ದು ಪೂರ್ತಿ ತಪ್ಪು ಎಂದು ಇವತ್ತಿಗೂ ಅನ್ನಿಸುವುದಿಲ್ಲ. ಬರೆದದ್ದೊಂದು ಇಲ್ಲದಿದ್ದರೆ ಯಾರು ಬೇಕಾದರೂ ದೇವರ ಹೆಸರಲ್ಲಿ ಏನು ಬೇಕಾದರೂ ಹೇಳಿಯಾರು. ಆದರೂ ಆ ನಿಂತ ಕೈ ನೆನಪಾದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಕೆಲವು ವರ್ಷಗಳ ನಂತರ ಹಿಂದಿನ ಸಾಲಿನ ಮನೆಯ ಹುಡುಗನೊಬ್ಬ, ಅದಿರಿನ ಲಾರಿ ಓಡಿಸುತ್ತಿದ್ದವನು, ತಾನೇ ಜೀವ ಕಳೆದುಕೊಂಡ. ನಮ್ಮ ಸಭೆಯವನೇ. ಮಣ್ಣು ಅವಸರದಲ್ಲಿ ಮುಗಿಯಿತು. ಅಂಥ ಸಾವಿನ ಮನೆಯ ಹೊಸ್ತಿಲು ತುಳಿಯಬಾರದು ಎಂದು ಹೆಂಗಸರು ಗುಸುಗುಸು ಮಾತಾಡಿಕೊಂಡರು.

ಆ ಹೊತ್ತಿಗೆ ದೊಡ್ಡವ್ವ ಹಾಸಿಗೆ ಹಿಡಿದಿದ್ದಳು. ಸುದ್ದಿ ಕೇಳಿದವಳೇ, "ಅವರ ಮನಿಗೆ ರೊಟ್ಟಿ ಯಾರು ಒಯ್ದ್ರು?" ಅಂದಳು.

"ಯಾರೋ ಒಯ್ದಿರ್ತಾರ."

ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. "ನೀನರ ಹೋಗವಾ. ನನಗ ಏಳಾಕ ಆಗವಲ್ದು."

ನಾಳೆ ಹೋಗುತ್ತೇನೆ ಅಂದೆ. ಆ ತಾಯಿ ಏನಾದರೂ ಕೇಳಿದರೆ ಯಾವ ವಚನ ಹೇಳಲಿ ಎಂದು ಸತ್ಯವೇದ ತಿರುವುತ್ತಾ ಕೂತೆ. ಸಿಗಲಿಲ್ಲ, ಹೋಗಲೂ ಇಲ್ಲ. ದೊಡ್ಡವ್ವ ಮತ್ತೆ ಕೇಳಲಿಲ್ಲ. ಅವಳ ಕೈ ಮಾತ್ರ ಕೌದಿಯ ಮೇಲೆ ಮೆಲ್ಲಗೆ ತಟ್ಟುತ್ತಿತ್ತು.

ಆ ಮಳೆಗಾಲ ಮುಗಿಯುವುದರೊಳಗೆ ಅವಳೂ ಹೋದಳು. ಮಣ್ಣು ಮಾಡಿ ಬಂದಾಗ ನಮ್ಮ ಬಾಗಿಲಲ್ಲಿ ಆ ಹುಡುಗನ ತಾಯಿ ಗಂಟು ಹಿಡಿದು ನಿಂತಿದ್ದಳು. ಹಿಂದೆ ಪ್ರತಿ ವರ್ಷ ದೊಡ್ಡವ್ವನ ಕಥೆ ಕೇಳಲು ಮುಂದೆಯೇ ಕೂರುತ್ತಿದ್ದವಳು.

"ಒಲಿ ಹಚ್ಚಿರಂಗಿಲ್ಲ ನೀವು ಅಕ್ಕಾರ. ಉಣ್ರಿ, ಆರಿ ಹೋಗ್ತಾವ."

ನಾನು ಅವಳ ಮನೆಗೆ ಹೋಗದ ಮಾತನ್ನು ಅವಳು ಎತ್ತಲಿಲ್ಲ. ನಾನು ತಲೆ ಬಗ್ಗಿಸಿಕೊಂಡು ಗಂಟು ಬಿಚ್ಚಿದೆ. ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಇತ್ತು.